ದುಡಿಯುವ ಕೈಗೆ ಕಾವಲು

ಮೇ 1 ಶ್ರಮಿಕ ಸಂತ ಜೋಸೆಫರ ಹಬ್ಬ. ನಮ್ಮ ಹೊಸೂರಿನ ಬಡಗಿ, ಪ್ಲಂಬರ್, ವೈರಿಂಗ್ ಕೆಲಸದವರಿಗೆ ಸಂಬಳದ ಚೀಟಿಯೂ ಇಲ್ಲ, ಇಎಸ್‌ಐಯೂ ಇಲ್ಲ. ಕೈ ನಿಂತರೆ ಒಲೆಯೂ ನಿಂತಂತೆ.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. 18ರಿಂದ 70 ವಯಸ್ಸಿನವರು ಸೇರಬಹುದು. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಒಂದು ಕೈ ಅಥವಾ ಒಂದು ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ. ಹಣ ಮೇ ಕೊನೆಯಲ್ಲಿ ತಾನಾಗಿ ಕಡಿತವಾಗುತ್ತದೆ, ಆಗ ಖಾತೆ ಖಾಲಿ ಇರಬಾರದು. ಆದರೆ ಏಣಿಯಿಂದ ಬಿದ್ದು ಮುರಿದ ಕೈ ಎರಡು ತಿಂಗಳಲ್ಲಿ ಕೂಡಿಕೊಂಡರೆ? ಈ ವಿಮೆಯಿಂದ ಒಂದು ಪೈಸೆಯೂ ಬರದು. ಆ ಎರಡು ತಿಂಗಳಿಗೆಂದೇ ಬೇರೆ ಖಾತೆ ಬೇಕು. ಕೆಲಸದ ಹಣ ಬಂದ ದಿನವೇ ಹತ್ತರಲ್ಲೊಂದು ಪಾಲು ಅದಕ್ಕೆ ಹೋಗಲಿ.

ಇನ್ನು ಬಾಕಿಯ ವಿಷಯ. ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂದು ಧರ್ಮೋಪದೇಶಕಾಂಡ 24:15 ವಿಧಿಸುತ್ತದೆ. 'ನಮ್ಮ ಬಡಗಿ ತಾನೇ, ಹಬ್ಬ ಕಳೆಯಲಿ' ಎನ್ನುವವರು ಪೀಠಗಳಲ್ಲಿ ನಾವೇ ಕುಳಿತಿದ್ದೇವೆ! ಕೆಲಸದವರೂ ಸಾಮಾನಿನ ಹಣವನ್ನು ಮುಂಗಡ ಕೇಳಲಿ, ಒಪ್ಪಿದ ಮೊತ್ತವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲಿ.

ಭಾನುವಾರ ಬಲಿಪೂಜೆಯ ನಂತರ ಪಾಸ್‌ಬುಕ್, ಆಧಾರ್ ತನ್ನಿ. ಬ್ಯಾಂಕಿನ ಫಾರಂ ತಮಿಳಿನಲ್ಲಿದ್ದರೆ ನಾವು ಯುವಜನರು ಓದಿ ಹೇಳಿ ತುಂಬಿಸಿಕೊಡುತ್ತೇವೆ.