ಆರುನೂರೈವತ್ತು ಡಾಲರಿನ ಕೊಂಡಿ

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಶನಿವಾರ, ಕಾರಿನ ಹಿಂದಿನ ಸೀಟು ಮಡಚಿ ಹದಿನಾಲ್ಕು ಚೀಲ ಮಲ್ಚ್ ತುಂಬಿಕೊಂಡು ಬಂದೆ. ಮಲ್ಚ್ ಅಂದರೆ ಗಿಡದ ಬುಡಕ್ಕೆ ಹಾಸುವ ಮರದ ತೊಗಟೆಯ ಚೂರು. ಅಂಗಡಿಯ ಹೊರಗೆ ಮಳೆಯಲ್ಲಿ ನೆನೆದಿದ್ದ ಚೀಲಗಳವು. ಮನೆ ಮುಟ್ಟುವಷ್ಟರಲ್ಲಿ ಎರಡು ಚೀಲದಿಂದ ಕಪ್ಪು ನೀರು ಸೋರಿ ಕಾರ್ಪೆಟ್ಟಿಗೆ ಇಳಿದಿತ್ತು. ಮುಂದಿನ ಹದಿನೈದು ದಿನ ಮಕ್ಕಳು ಮೂಗು ಮುಚ್ಚಿಕೊಂಡೇ ಶಾಲೆಗೆ ಹೋದರು. ಹೆಂಡತಿ ಒಂದೇ ಮಾತು ಹೇಳಿದಳು: “ರೀ, ಇದು ಕಾರೋ ಗೊಬ್ಬರದ ಗಾಡಿಯೋ ಅನ್ನೋದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ.”

ನಾವಿರುವುದು ಅಮೆರಿಕದ ನಾರ್ತ್ ಕೆರೋಲಿನಾದ ಕ್ಯಾರಿಯಲ್ಲಿ. ಅಪ್ಪನ ಬಾಯಲ್ಲಿ ಅದು ‘ಕೇರಿ’. ಮಂಡ್ಯದ ಕಡೆಯಾಗಿದ್ದರೆ ರಸ್ತೆ ತಿರುವಿನಲ್ಲಿ ನಿಂತ ಲಗೇಜ್ ಆಟೊದವನ ಜತೆ ಐವತ್ತು ರೂಪಾಯಿ ಚೌಕಾಸಿ ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಸಾಮಾನಿಗಿಂತ ಅದನ್ನು ತಂದುಕೊಡುವ ಕೂಲಿಯೇ ಭಾರ. ಮಲ್ಚನ್ನು ಮನೆಗೆ ತಂದು ಸುರಿಯಲು ನಮ್ಮ ಹತ್ತಿರದ ಅಂಗಡಿ ಕೇಳುವುದು 85 ಡಾಲರ್. ಚೀಲದ ಲೆಕ್ಕದಲ್ಲಿ ಕೊಂಡರೆ ಇನ್ನೊಂದು ನಷ್ಟ. ಒಂದು ಘನ ಗಜಕ್ಕೆ ಎರಡು ಘನ ಅಡಿಯ ಹದಿಮೂರೂವರೆ ಚೀಲ ಬೇಕು, ಬಿಡಿಯಾಗಿ ರಾಶಿಯಿಂದ ತುಂಬಿಸಿಕೊಂಡರೆ ಅಷ್ಟೇ ಮಲ್ಚ್ ಬಹಳ ಅಗ್ಗಕ್ಕೆ ಸಿಗುತ್ತದೆ. ರಾಶಿಯಿಂದ ತುಂಬಿಸಿಕೊಳ್ಳಲು ಟ್ರೇಲರ್ ಬೇಕು. ಟ್ರೇಲರ್ ಬಾಡಿಗೆಗೆ ಸಿಗುತ್ತದೆ. ಅದನ್ನು ಎಳೆಯಲು ಕಾರಿನ ಹಿಂದೆ ಒಂದು ಕೊಂಡಿ ಬೇಕು. ಅದೇ ಹಿಚ್.

ನಮ್ಮದು 2019ರ ಟೊಯೊಟಾ ರಾವ್4, ಎಕ್ಸ್‌ಎಲ್‌ಇ, ಪೆಟ್ರೋಲ್ ಗಾಡಿ. ಹಿಚ್ ಹಾಕಿಸಲು ಎಷ್ಟಾಗುತ್ತದೆ ಎಂದು ಡೀಲರ್ ಬಳಿ ವಿಚಾರಿಸಿದೆ. 1,150 ಡಾಲರ್ ಎಂದರು. ನಾನು ಹುಬ್ಬೇರಿಸಿದ್ದು ಕಂಡು, “ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತದೆ” ಎಂಬ ಮಾತನ್ನೂ ಸೇರಿಸಿದರು. ಈ ಮಾತಿಗೆ ಹೆದರಿ ದುಡ್ಡು ಕಳೆದುಕೊಂಡವರು ನನ್ನ ಗೆಳೆಯರಲ್ಲೇ ಇದ್ದಾರೆ. ಅಮೆರಿಕದಲ್ಲಿ 1975ರಿಂದ ಮ್ಯಾಗ್ನುಸನ್-ಮಾಸ್ ಎಂಬ ವಾರಂಟಿ ಕಾಯ್ದೆಯಿದೆ. ಬೇರೆ ಕಂಪನಿಯ ಬಿಡಿಭಾಗ ಹಾಕಿಸಿದ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ, ಆ ಭಾಗದಿಂದಲೇ ಕೆಟ್ಟಿದೆ ಎಂದು ಕಾರಿನ ಕಂಪನಿಯೇ ತೋರಿಸಬೇಕಾಗುತ್ತದೆ. ಹಾಗೆಂದು ಮಿತಿ ಮೀರಿ ಭಾರ ಎಳೆದು ಗೇರ್‌ಬಾಕ್ಸ್ ಸುಟ್ಟುಕೊಂಡರೆ ಯಾವ ಕಾಯ್ದೆಯೂ ಕೈ ಹಿಡಿಯುವುದಿಲ್ಲ.

ಹೊರಗಿನ ಲೆಕ್ಕ ಹೀಗಿತ್ತು: ಹಿಚ್‌ಗೆ 210 ಡಾಲರ್. ಅದರ ಚೌಕದ ತೂತಿಗೆ ತೂರಿಸುವ ಕಬ್ಬಿಣದ ತುಂಡು, ಅದರ ಮೇಲಿನ ಎರಡು ಇಂಚಿನ ಗುಂಡು, ಪಿನ್ನು ಸೇರಿ 50. ಟ್ರೇಲರಿನ ದೀಪಗಳಿಗೆ ವೈರಿಂಗ್ 75. ಕಟ್ಟುವ ಕೂಲಿ 190. ಒಟ್ಟು 525 ಡಾಲರ್, ಡೀಲರ್ ಹೇಳಿದ್ದರಲ್ಲಿ ಅರ್ಧಕ್ಕೂ ಕಡಿಮೆ.

ಆದರೆ ನನಗೆ ಆದದ್ದು 650. ಹೆಚ್ಚಿನ 125 ಡಾಲರ್ ನನ್ನ ಜಾಣತನದ ಶುಲ್ಕ.

ಹಿಚ್ಚನ್ನು ಅಂಗಡಿಯವರೇ ಕಟ್ಟಿದರು. ವೈರಿಂಗ್ ಮಾತ್ರ ನಾನೇ ಮಾಡುತ್ತೇನೆ ಎಂದು 28 ಡಾಲರಿನ ಕಿಟ್ ತರಿಸಿಕೊಂಡೆ. ನಾಲ್ಕೇ ತಂತಿ: ಬಿಳಿ ಅರ್ತ್, ಕಂದು ಹಿಂದಿನ ದೀಪ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಎಂಜಿನಿಯರಿಂಗ್ ಓದಿದವನಿಗೆ ಇದೇನು ಮಹಾ ಅನಿಸಿತು. ನಾನು ನೋಡದೆ ಹೋದದ್ದು ಒಂದೇ ಸಂಗತಿ. ಸಣ್ಣ ಟ್ರೇಲರಿನಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಬಲ್ಬು. ನಮ್ಮ ಕಾರಿನಲ್ಲಿ ಬ್ರೇಕ್ ದೀಪ ಬೇರೆ, ಇಂಡಿಕೇಟರ್ ಬೇರೆ. ಈ ಎರಡನ್ನು ಒಂದಾಗಿಸಿ ಟ್ರೇಲರಿಗೆ ಕಳಿಸಲು ನಡುವೆ ಕನ್ವರ್ಟರ್ ಎಂಬ ಪುಟ್ಟ ಡಬ್ಬಿ ಬೇಕು, ಅದಕ್ಕೆ ಬ್ಯಾಟರಿಯಿಂದಲೇ ಒಂದು ತಂತಿ ಎಳೆಯಬೇಕು. ನನ್ನ ಕಿಟ್‌ನಲ್ಲಿ ಡಬ್ಬಿ ಇರಲಿಲ್ಲ. ನಾನು ತಂತಿ ತಂತಿ ಹೊಸೆದು ಟೇಪು ಸುತ್ತಿದೆ. ಬ್ರೇಕ್ ಒತ್ತಿದರೆ ಕಾರಿನ ಎರಡೂ ಇಂಡಿಕೇಟರ್ ಹತ್ತಿಕೊಂಡವು. ಸರಿಮಾಡಲು ಹೋಗಿ ಫ್ಯೂಸ್ ಹಾರಿಸಿದೆ. ಅದು ಗೊತ್ತಾದದ್ದು ಟ್ರೇಲರ್ ಬಾಡಿಗೆ ಕೊಡುವ ಕಡೆ, ಹಿಂದೆ ನಾಲ್ಕು ಪಿಕಪ್‌ಗಳು ಸಾಲುಗಟ್ಟಿ ನಿಂತಿದ್ದಾಗ. ಅಲ್ಲಿಯ ಹುಡುಗ ಪ್ಲಗ್ ಚುಚ್ಚಿ, ದೀಪ ಹತ್ತದ್ದನ್ನು ನೋಡಿ, ಟ್ರೇಲರ್ ಬಿಚ್ಚಿಕೊಂಡು ಹೋದ. ಫ್ಯೂಸ್ ಹುಡುಕಿ, ನನ್ನ ಟೇಪು ಕಿತ್ತೆಸೆಯಲು ಮೆಕ್ಯಾನಿಕ್ ತೆಗೆದುಕೊಂಡದ್ದು 97 ಡಾಲರ್. ಆಮೇಲೆ 75 ಡಾಲರಿನ ಸರಿಯಾದ ವೈರಿಂಗ್ ಬಂತು.

ದುಡ್ಡಿನ ವಿಷಯ ಇಷ್ಟಾಯಿತು. ಇನ್ನು ತೂಕ.

ಹಿಚ್ ಮೇಲೆ 3,500 ಪೌಂಡ್ ಎಂದು ಅಚ್ಚಾಗಿದೆ. ಅದನ್ನು ನೋಡಿ ಕಾರು ಅಷ್ಟು ಎಳೆಯುತ್ತದೆ ಎಂದುಕೊಂಡರೆ ಕೆಟ್ಟಿರಿ. ಅದು ಕಬ್ಬಿಣದ ತಾಳಿಕೆ, ಗಾಡಿಯದಲ್ಲ. ನಮ್ಮ ಕಾರಿನ ಕೈಪಿಡಿ ಹೇಳುವುದು 1,500 ಪೌಂಡ್, ಅಂದರೆ ಸುಮಾರು 680 ಕಿಲೋ. ಅದೇ ವರ್ಷದ ರಾವ್4 ಹೈಬ್ರಿಡ್ 1,750 ಎಳೆಯಬಹುದು, ‘ಅಡ್ವೆಂಚರ್’ ಮಾದರಿ 3,500. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಗುಂಡು, ಪಿನ್ನು, ಹಿಚ್ಚು, ಕಾರು ಇವುಗಳಲ್ಲಿ ಯಾವುದರ ಅಂಕಿ ಎಲ್ಲಕ್ಕಿಂತ ಚಿಕ್ಕದೋ ಅದೇ ನಿಮ್ಮ ಅಂಕಿ.

ಆ 1,500ರಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿತು. ನಾನು ತರುವ ಟ್ರೇಲರ್ ಖಾಲಿಯಿದ್ದಾಗಲೇ 700 ಪೌಂಡ್. ಉಳಿದದ್ದು 800. ಒಣಗಿದ ಮಲ್ಚ್ ಒಂದು ಘನ ಗಜ ಆರಾಮಾಗಿ ಹಿಡಿಸುತ್ತದೆ. ಮಳೆಯಲ್ಲಿ ನೆನೆದದ್ದಾದರೆ ಯೋಚಿಸಬೇಕು. ತೋಟದ ಮಣ್ಣು ಗಜಕ್ಕೆ ಸುಮಾರು 2,000 ಪೌಂಡ್ ತೂಗುತ್ತದೆ, ಜಲ್ಲಿ ಅದಕ್ಕಿಂತ ಹೆಚ್ಚು. ಮಣ್ಣು, ಜಲ್ಲಿಯ ಆಸೆಯಿಂದ ಸಣ್ಣ ಕಾರಿಗೆ ಹಿಚ್ ಹಾಕಿಸುವವರು 85 ಡಾಲರ್ ಕೊಟ್ಟು ಮನೆಗೇ ತರಿಸಿಕೊಳ್ಳುವುದು ಲೇಸು.

ಇನ್ನೊಂದು ತೂಕವಿದೆ. ಟ್ರೇಲರಿನ ಮೂತಿ ಕಾರಿನ ಗುಂಡಿನ ಮೇಲೆ ಎಷ್ಟು ಒತ್ತಬೇಕು ಎಂಬುದು. ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಎನ್ನುವುದು ಇಲ್ಲಿಯವರ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊರಳಾಡುತ್ತದೆ. ಇದನ್ನು ನಾನು ಕೈಪಿಡಿಯಲ್ಲಿ ಓದಿದ್ದೆ. ಅರ್ಥವಾದದ್ದು ಅಪ್ಪ ಬಂದಾಗ.

ಹಿಚ್ ಹಾಕಿಸಿದ ಮರುವರ್ಷ ಆರು ತಿಂಗಳಿಗೆಂದು ಬಂದಿದ್ದರು. ನಮ್ಮ ಕನ್ನಡ ಕೂಟದ ಯುಗಾದಿ ಹಬ್ಬಕ್ಕೆ ದೊಡ್ಡ ಪಾತ್ರೆ, ಗ್ಯಾಸ್ ಒಲೆ, ಮಡಚುವ ಮೇಜುಗಳನ್ನು ಶಾಲೆಯೊಂದರ ಸಭಾಂಗಣಕ್ಕೆ ಸಾಗಿಸುವ ಹೊಣೆ ನನ್ನದಾಗಿತ್ತು. ಇಳಿಸಲು ಸುಲಭ ಎಂದು ಪಾತ್ರೆಗಳನ್ನೆಲ್ಲ ಟ್ರೇಲರಿನ ಬಾಗಿಲ ಬಳಿ ಪೇರಿಸಿದ್ದೆ. ಅಪ್ಪ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ನೋಡುತ್ತಿದ್ದರು.

“ಏನ್ಲಾ ಇದು, ಹಿಂಭಾರ ಮಾಡಿದೀಯ? ಮುಂದಕ್ಕೆ ಹೇರು.”

“ಅಪ್ಪ, ಇದು ಎತ್ತಿನ ಗಾಡಿ ಅಲ್ಲ.”

“ಎರಡು ಗಾಲಿ ಐತೆ, ಮುಂದ್ಗಡೆ ಮೂಕಿ ಐತೆ. ಇನ್ನೇನ್ಲಾ ಬೇಕು? ಹಿಂಭಾರ ಆದ್ರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಕಣ್ಣಿ ಬಿಗೀತದೆ.”

ಪರೀಕ್ಷೆಗೆಂದು ಬಚ್ಚಲುಮನೆಯ ತೂಕದ ಯಂತ್ರ ತಂದು, ಅದರ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲಿಟ್ಟೆ. 40 ಪೌಂಡ್. ಒಟ್ಟು ಭಾರ ಸಾವಿರದ ಚಿಲ್ಲರೆ ಇದ್ದುದರಿಂದ ನೂರರ ಮೇಲೆ ಇರಬೇಕಿತ್ತು. ಅಪ್ಪ ಎದ್ದು ಬಂದು ಅನ್ನದ ತಪ್ಪಲೆ, ಒಲೆ ಎರಡನ್ನೂ ಗಾಲಿಯಿಂದ ಮುಂದಕ್ಕೆ ತಳ್ಳಿಸಿದರು. 110. ಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಗಾಲಿಯ ಅಚ್ಚಿಗಿಂತ ಮುಂದಿರಲಿ ಎಂದು ಕೈಪಿಡಿಗಳು ಬರೆಯುವುದನ್ನು ಅವರು ಎಲ್ಲೂ ಓದಿದವರಲ್ಲ. ಈ ಒತ್ತು ಕಾರಿನೊಳಗಿನ ಭಾರಕ್ಕೂ ಸೇರುತ್ತದೆ ಎಂಬುದನ್ನು ಮಾತ್ರ ನಾನು ಅವರಿಗೆ ಹೇಳಿಕೊಟ್ಟೆ. 150 ಪೌಂಡ್ ಒತ್ತಿದರೆ ಇನ್ನೊಬ್ಬರನ್ನು ಡಿಕ್ಕಿಯಲ್ಲಿ ಕೂರಿಸಿಕೊಂಡಂತೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಜನ, ಸಾಮಾನು ಸೇರಿ ಗರಿಷ್ಠ ತೂಕ ಎಷ್ಟೆಂದು ಬರೆದಿರುತ್ತದೆ. ಅದರಿಂದ ಇದನ್ನು ಕಳೆಯಬೇಕು.

ಈಗ ಎರಡು ವರ್ಷದ ಖಾತೆ ತೆಗೆಯುತ್ತೇನೆ. ಒಟ್ಟು ಒಂಬತ್ತು ಸಲ ಟ್ರೇಲರ್ ಎಳೆದಿದ್ದೇನೆ. ನಾಲ್ಕು ಸಲ ಮಲ್ಚ್, ಒಮ್ಮೆ ಹಳೇ ಸೋಫಾ, ಒಮ್ಮೆ ಗೆಳೆಯನ ಮನೆ ಬದಲಾವಣೆ, ಒಮ್ಮೆ ಬಿದ್ದ ಮರದ ಕೊಂಬೆ, ಎರಡು ಸಲ ಕನ್ನಡ ಕೂಟ. ಟ್ರೇಲರ್ ಬಾಡಿಗೆ ತೆರಿಗೆ ಸೇರಿ 28 ಡಾಲರ್, ಹೆಚ್ಚಿಗೆ ಸುಟ್ಟ ಪೆಟ್ರೋಲಿಗೆ ಇನ್ನೆರಡು. ಸಾಗಣೆಯ 85ರಲ್ಲಿ ಇದನ್ನು ಕಳೆದರೆ ಸಲಕ್ಕೆ 55 ಡಾಲರ್ ಉಳಿತಾಯ. ಕೂಟದ ಎರಡು ಸಲ ಉಳಿದದ್ದು ಕೂಟದ ದುಡ್ಡು. ನನಗೆ ಸಿಕ್ಕ ಬಿಸಿಬೇಳೆಬಾತನ್ನು ಆದಾಯ ಎಂದು ತೋರಿಸಲಾರೆ. ಉಳಿದ ಏಳು ಸಲಕ್ಕೆ 385 ಡಾಲರ್. ಹಾಕಿದ 650 ವಾಪಸಾಗಲು ಇನ್ನೂ 265 ಬಾಕಿ, ಅಂದರೆ ಇನ್ನೈದು ಸಲ ಎಳೆಯಬೇಕು. ವೈರಿಂಗಿನಲ್ಲಿ ಕೈಯಾಡಿಸದೆ ಇದ್ದಿದ್ದರೆ ಮೂರು ಸಲ ಸಾಕಾಗುತ್ತಿತ್ತು.

“ಬಾಡಿಗೆ ಯಾಕೆ, ಟ್ರೇಲರ್ ಒಂದನ್ನು ಕೊಂಡುಬಿಡು” ಎನ್ನುವವರು ಸಿಗುತ್ತಾರೆ. ನಾನು ನೋಡಿದ ಸಣ್ಣ ಟ್ರೇಲರಿನ ಬೆಲೆ ಸಾವಿರ ಡಾಲರ್. ಸಲಕ್ಕೆ 28ರಂತೆ ಬಾಡಿಗೆ ಉಳಿಸಿ ಅದನ್ನು ತೀರಿಸಲು ಮೂವತ್ತಾರು ಸಲ ಎಳೆಯಬೇಕು, ನನ್ನ ನಡಿಗೆಯಲ್ಲಿ ಎಂಟು ವರ್ಷ. ಅಷ್ಟರಲ್ಲಿ ಟೈರು ಓಡದೆಯೇ ಬಿರುಕು ಬಿಟ್ಟಿರುತ್ತದೆ. ನಂಬರ್ ಪ್ಲೇಟು, ಬೀಗ ಬೇರೆ ಖರ್ಚು. ಎಲ್ಲಕ್ಕೂ ಮೇಲೆ, ನಮ್ಮ ಬಡಾವಣೆಯ ಸಂಘದ ನಿಯಮದ ಪ್ರಕಾರ ಮನೆ ಮುಂದೆ ಟ್ರೇಲರ್ ನಿಲ್ಲಿಸುವಂತಿಲ್ಲ. ಹಿಚ್ ಸ್ವಂತದ್ದು, ಟ್ರೇಲರ್ ಬಾಡಿಗೆಯದ್ದು. ನಮ್ಮಂಥವರಿಗೆ ಹೊಂದುವುದು ಇದೇ.

ಹಾಕಿಸುವ ಮುನ್ನ ವಿಮೆಯವರಿಗೊಂದು ಫೋನ್ ಮಾಡಿ. ಎಳೆಯುವಾಗ ಬೇರೆಯವರಿಗಾಗುವ ಹಾನಿಯನ್ನು ಸಾಮಾನ್ಯವಾಗಿ ಕಾರಿನ ವಿಮೆಯೇ ನೋಡಿಕೊಳ್ಳುತ್ತದೆ, ಟ್ರೇಲರಿಗೇ ಆದ ಪೆಟ್ಟನ್ನು ನೋಡಿಕೊಳ್ಳುವುದಿಲ್ಲ. ರಾಜ್ಯದ ನಿಯಮವನ್ನೂ ಕೇಳಿಕೊಳ್ಳಿ. ಕ್ಯಾಲಿಫೋರ್ನಿಯಾದ ಕನ್ನಡಿಗರೇ, ಟ್ರೇಲರ್ ಕಟ್ಟಿದ ಕಾರಿಗೆ ನಿಮ್ಮಲ್ಲಿ ಗಂಟೆಗೆ 55 ಮೈಲಿಯೇ ಮಿತಿ.

ಕೊನೆಗೆ ಒಂದು ಕೆಲಸ ಮಾಡಿ. ಕಳೆದ ವರ್ಷ ಸಾಗಣೆಗೆಂದು ದುಡ್ಡು ಕೊಟ್ಟ ರಸೀದಿಗಳನ್ನೆಲ್ಲ ಒಟ್ಟು ಹಾಕಿ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಹಿಚ್ಚಿನ ಗೊಡವೆ ಬೇಡ, ಬೇಕಾದಾಗ ಗಂಟೆ ಲೆಕ್ಕದಲ್ಲಿ ಪಿಕಪ್ ಬಾಡಿಗೆಗೆ ತನ್ನಿ. ನಾಲ್ಕು ಅಥವಾ ಹೆಚ್ಚಿದ್ದರೆ ಹಾಕಿಸಿ, ವೈರಿಂಗನ್ನೂ ಅಂಗಡಿಯವರಿಗೇ ಬಿಡಿ.