ನೈರೋಬಿ–ಜೊಹಾನ್ಸ್‌ಬರ್ಗ್: ದೂರ, ಕಾಲ ಮತ್ತು ದಾರಿ

ಎರಡು ಊರುಗಳ ನಡುವಣ ದೂರವೆಷ್ಟು, ಪ್ರಯಾಣಕ್ಕೆ ಹಿಡಿಯುವ ಕಾಲವೆಷ್ಟು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಸರಳವಾದವು. ಆದರೆ ಉತ್ತರವನ್ನು ಅರಸಹೊರಟರೆ ಗಣಿತ, ಭೂಗೋಳ, ಇತಿಹಾಸ ಈ ಮೂರರ ನೆರವೂ ಬೇಕಾಗುತ್ತದೆ. ಕೀನ್ಯಾದ ರಾಜಧಾನಿ ನೈರೋಬಿಯ ಜೋಮೊ ಕೆನ್ಯಾಟಾ ವಿಮಾನ ನಿಲ್ದಾಣ ಹಾಗೂ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಓ. ಆರ್. ಟಾಂಬೊ ವಿಮಾನ ನಿಲ್ದಾಣಗಳನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ದೂರ: ನೈರೋಬಿಯ ನಿಲ್ದಾಣವು 1.3 ಡಿಗ್ರಿ ದಕ್ಷಿಣ ಅಕ್ಷಾಂಶ, 36.9 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಜೊಹಾನ್ಸ್‌ಬರ್ಗಿನದು 26.1 ಡಿಗ್ರಿ ದಕ್ಷಿಣ, 28.2 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶಗಳ ಅಂತರ 24.8 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಇದು 2,753 ಕಿ.ಮೀ. ಆಗುತ್ತದೆ. ರೇಖಾಂಶಗಳ ಅಂತರ 8.7 ಡಿಗ್ರಿ. ರೇಖಾಂಶಗಳು ಧ್ರುವಗಳತ್ತ ಸಾಗಿದಂತೆ ಒಂದಕ್ಕೊಂದು ಸಮೀಪಿಸುವುದರಿಂದ, ಈ ಊರುಗಳ ಮಧ್ಯದ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಮಾತ್ರ, ಒಟ್ಟು 940 ಕಿ.ಮೀ. ಇವೆರಡನ್ನೂ ಲಂಬಕೋನ ತ್ರಿಭುಜದ ಭುಜಗಳೆಂದು ಭಾವಿಸಿ ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ ಕರ್ಣವು ಸುಮಾರು 2,910 ಕಿ.ಮೀ. ಎಂದು ತಿಳಿಯುತ್ತದೆ. ಭೂಗೋಳದ ವಕ್ರತೆಯನ್ನು ಗಣಿಸಿ ಮಾಡುವ ಮಹಾವೃತ್ತದ ಲೆಕ್ಕವೂ ಬಹುಮಟ್ಟಿಗೆ ಇದೇ ಉತ್ತರವನ್ನು ಕೊಡುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಕರಿಹಲಗೆಯ ಮೇಲೆ ಸಾಧಿಸಬಲ್ಲನು.

ಕಾಲ: ಜೆಟ್ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದಿಟ್ಟುಕೊಂಡರೆ ಪ್ರಯಾಣಕ್ಕೆ 3 ಗಂಟೆ 25 ನಿಮಿಷ ಸಾಕು. ಆದರೆ ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ನೆಲದ ಮೇಲಿನ ಓಟವೂ ಸೇರಬೇಕು. ಆದ್ದರಿಂದ ಸುಮಾರು 4 ಗಂಟೆಯೆಂದು ಎಣಿಸುವುದು ಯುಕ್ತ. ಎರಡೂ ನಿಲ್ದಾಣಗಳು ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಅಲ್ಲಿ ಗಾಳಿ ತೆಳುವಾದುದರಿಂದ ವಿಮಾನವು ಮೇಲೇಳಲು ಹೆಚ್ಚು ದೂರ ಓಡಬೇಕು. ಎರಡೆಡೆಯೂ 4 ಕಿಲೋಮೀಟರಿಗಿಂತ ಉದ್ದದ ಓಡುಪಥಗಳಿರುವುದು ಇದಕ್ಕೆ ಅನುಕೂಲ.

ಗಡಿಯಾರವು ಇಲ್ಲಿ ಮತ್ತೊಂದು ತೊಡಕನ್ನು ತರುತ್ತದೆ. ನೈರೋಬಿಯ ಕಾಲವು ಜೊಹಾನ್ಸ್‌ಬರ್ಗಿಗಿಂತ 1 ಗಂಟೆ ಮುಂದಿದೆ. ನೈರೋಬಿಯಿಂದ ಬೆಳಗ್ಗೆ 8ಕ್ಕೆ ಹೊರಟವನು ಜೊಹಾನ್ಸ್‌ಬರ್ಗಿನ ಗಡಿಯಾರದಲ್ಲಿ 11ಕ್ಕೇ ತಲಪುತ್ತಾನೆ. ಅಲ್ಲಿಂದ ಮಧ್ಯಾಹ್ನ 12ಕ್ಕೆ ಹಿಂದಿರುಗಿದವನು ನೈರೋಬಿಯನ್ನು ಸೇರುವಾಗ ಸಂಜೆ 5. ಹೋಗುವಾಗ 3, ಬರುವಾಗ 5 ಗಂಟೆಯೆಂದು ತೋರಿದರೂ ಗಗನದಲ್ಲಿ ಕಳೆದ ಕಾಲ ಒಂದೇ. ದೇಶಕ್ಕೆಲ್ಲ ಒಂದೇ ಕಾಲವಿರುವ ನಮ್ಮ ಮಕ್ಕಳಿಗೆ ಇದನ್ನು ವಿಶೇಷವಾಗಿ ಮನಗಾಣಿಸಬೇಕು.

ದಾರಿ: ದೂರವನ್ನು ಗಣಿತವು ನಿರ್ಧರಿಸಿದರೂ ದಾರಿಯನ್ನು ತೆರೆಯುವವನು, ಮುಚ್ಚುವವನು ಮನುಷ್ಯನೇ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ಪ್ರತಿಭಟಿಸಿ 1963ರಲ್ಲಿ ಆಫ್ರಿಕದ ಹಲವು ರಾಷ್ಟ್ರಗಳು ಆ ದೇಶದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ಯೂರೋಪಿಗೆ ಹೋಗುವ ಅಲ್ಲಿನ ವಿಮಾನಗಳು ಖಂಡದ ಪಶ್ಚಿಮದ ಉಬ್ಬನ್ನು ಬಳಸಿ, ಅಟ್ಲಾಂಟಿಕ್ ಸಾಗರದ ಮೇಲೆ ಸುತ್ತಿ ಹಾರಬೇಕಾಯಿತು. ಆ ನೀತಿ ಕುಸಿದ 1990ರ ದಶಕದಲ್ಲಿ ನೇರ ದಾರಿಗಳು ಮತ್ತೆ ತೆರೆದವು. ಅದರ ವಿರುದ್ಧ ಮೂರು ದಶಕಗಳ ಕಾಲ ಪರದೇಶವಾಸದಲ್ಲಿದ್ದು ಹೋರಾಡಿದ ಆಲಿವರ್ ಟಾಂಬೊ ಅವರ ಹೆಸರನ್ನು 2006ರಲ್ಲಿ ಜೊಹಾನ್ಸ್‌ಬರ್ಗಿನ ನಿಲ್ದಾಣಕ್ಕೆ ಇಡಲಾಯಿತು.

ಆದಕಾರಣ ಭೂಪಟದ ಮುಂದೆ ನಿಂತ ಉಪಾಧ್ಯಾಯರು ಎರಡು ಊರುಗಳ ನಡುವೆ ಗೆರೆ ಎಳೆದು ಕಿಲೋಮೀಟರುಗಳನ್ನು ಎಣಿಸಿದ ಮೇಲೆ, ಆ ದಾರಿ ಯಾರಿಗೆ, ಎಂದು ತೆರೆದಿತ್ತು ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಿದರೆ ಪಾಠವು ಪೂರ್ಣವಾಗುತ್ತದೆ.