ಅಠಾರ ಕಚೇರಿ: ಪರೀಕ್ಷಾರ್ಥಿಗಳಿಗೊಂದು ಟಿಪ್ಪಣಿ

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯ ರೈತನು ತನ್ನ ಬದುವಿನ ತಕರಾರನ್ನು ಹಿಡಿದು ಕೆಳಗಿನ ನ್ಯಾಯಾಲಯಗಳನ್ನು ದಾಟಿ ರಾಜ್ಯದೊಳಗೆ ಕಟ್ಟಕಡೆಗೆ ಏರಬೇಕಾದ ಮೆಟ್ಟಿಲು ಬೆಂಗಳೂರಿನ ಹೈಕೋರ್ಟಿನದು. ಆ ಮೆಟ್ಟಿಲಿನ ಕಟ್ಟಡವೇ ಕೆಂಬಣ್ಣದ ಅಠಾರ ಕಚೇರಿ. ಬ್ರಿಟಿಷ್ ಕಮಿಷನರರ ಆಡಳಿತಕಾಲದಲ್ಲಿ ಕೋಟೆಯೊಳಗಣ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಕಚೇರಿಗಳು, ಕೆಲಸ ಬೆಳೆದು ಸ್ಥಳ ಸಾಲದಾಗಲು, ಬೌರಿಂಗ್ ಕಮಿಷನರನಾಗಿದ್ದಾಗ ಕಟ್ಟಿಸಿದ ಈ ನೂತನ ಭವನಕ್ಕೆ 1868ರಲ್ಲಿ ಸ್ಥಳಾಂತರಗೊಂಡವು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಸೇರಿದುದರಿಂದ, ಹಿಂದೂಸ್ತಾನಿಯ ‘ಅಠಾರಾ’ ಶಬ್ದವು ಹೆಸರಾಗಿ ನಿಂತಿತು. ಜನರ ಬಾಯಲ್ಲಿ ಅದು ‘ಅಟ್ಟಾರ’ವಾದುದೂ ಸಹಜವೇ.

ಗ್ರೀಕ್-ರೋಮನ್ ರೀತಿಯ ಕಂಬಗಳ ಎರಡಂತಸ್ತಿನ ಈ ಸೌಧವನ್ನು ಪರೀಕ್ಷಾರ್ಥಿಗಳು ನ್ಯಾಯಾಲಯಕ್ಕಾಗಿಯೇ ಕಟ್ಟಿದ್ದೆಂದು ಬರೆದು ಅಂಕ ಕಳೆದುಕೊಳ್ಳುವುದುಂಟು. ಇದು ಮೂಲತಃ ಸಚಿವಾಲಯ. 1884ರಲ್ಲಿ ಸ್ಥಾಪಿತವಾದ ಮೈಸೂರಿನ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟೆಂಬ ನಾಮಧೇಯವನ್ನು ಪಡೆಯಿತು. ರಾಜ್ಯದ ಹೆಸರು ಬದಲಾದ 1973ರಲ್ಲಿ ಕರ್ನಾಟಕ ಹೈಕೋರ್ಟಾಯಿತು. 1956ರಲ್ಲಿ ಎದುರಿಗೇ ವಿಧಾನಸೌಧವು ಪೂರ್ಣಗೊಳ್ಳಲು ಸಚಿವಾಲಯವು ಬೀದಿ ದಾಟಿತು, ಅದರೊಡನೆ ಇಲ್ಲಿದ್ದ ನ್ಯಾಯಪೀಠವು ಉಳಿಯಿತು.

1980ರ ದಶಕದಲ್ಲಿ ಇದನ್ನು ಕೆಡವುವ ಯೋಚನೆಯೂ ಹುಟ್ಟಿತ್ತು. ನಾಗರಿಕರ ಪ್ರತಿಭಟನೆಯಿಂದ ಅದು ನಿಂತಿತು. ಕಟ್ಟಡವು ತನ್ನ ವ್ಯಾಜ್ಯವನ್ನು ತಾನೇ ಗೆದ್ದಂತಾಯಿತೆನ್ನಬಹುದೇನೋ.